ಲಾಂಛನದ ಋಣ

1966ರಲ್ಲಿ ಲೂಯಿಸಿಯಾನಾ ರಾಜ್ಯದ ಶಾಸನಸಭೆಯು ಕಂದು ಹೆಜ್ಜಾರ್ಲೆಯನ್ನು, ಅಂದರೆ ಕಂದು ಪೆಲಿಕನ್ ಹಕ್ಕಿಯನ್ನು, ಅಧಿಕೃತ ರಾಜ್ಯಪಕ್ಷಿಯೆಂದು ಸಾರಿತು. ಆಗ ರಾಜ್ಯದ ಕರಾವಳಿಯಲ್ಲಿ ಗೂಡು ಕಟ್ಟುವ ಕಂದು ಹೆಜ್ಜಾರ್ಲೆ ಒಂದೂ ಉಳಿದಿರಲಿಲ್ಲ. ಒಂದು ಕಾಲಕ್ಕೆ ಸಾವಿರಾರು ಸಂಖ್ಯೆಯಲ್ಲಿ ಮೆಕ್ಸಿಕೋ ಕೊಲ್ಲಿಯ ತಗ್ಗು ದ್ವೀಪಗಳನ್ನು ತುಂಬಿರುತ್ತಿದ್ದ ಆ ಹಕ್ಕಿ 1960ರ ದಶಕದ ಮೊದಲ ವರ್ಷಗಳಲ್ಲೇ ಅಲ್ಲಿಂದ ಇಲ್ಲವಾಗಿತ್ತು. ಮಿಸಿಸಿಪ್ಪಿ ನದಿ ಹೊತ್ತು ತರುತ್ತಿದ್ದ ಎಂಡ್ರಿನ್ ಎಂಬ ಕೀಟನಾಶಕವು ಮೀನುಗಳನ್ನೂ ಮೀನು ತಿಂದ ಹಕ್ಕಿಗಳನ್ನೂ ಕೊಂದಿತ್ತು. ಡಿಡಿಟಿ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿತ್ತು. ಹೆಜ್ಜಾರ್ಲೆಯು ತನ್ನ ಜಾಲಪಾದಗಳನ್ನು ಮೊಟ್ಟೆಗಳ ಮೇಲಿಟ್ಟು ಕಾವು ಕೊಡುವುದರಿಂದ, ತೆಳುವಾದ ಚಿಪ್ಪು ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಸಂಸಾರ ಹೂಡುವ ಹೆಜ್ಜಾರ್ಲೆಗಳನ್ನು ಕಂಡ ಕನ್ನಡಿಗರಿಗೆ, ಒಂದು ನಾಡಿನಿಂದ ಆ ಹಕ್ಕಿ ಮರೆಯಾಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಲೂಯಿಸಿಯಾನಾಕ್ಕೆ 'ಪೆಲಿಕನ್ ರಾಜ್ಯ' ಎಂಬ ಅಡ್ಡಹೆಸರು ಬಹಳ ಹಿಂದಿನಿಂದಲೂ ಇದೆ. ಮರಿಗಳು ಹಸಿದಿರುವಾಗ ತಾಯಿ ಹೆಜ್ಜಾರ್ಲೆ ತನ್ನ ಎದೆಯನ್ನೇ ಸೀಳಿಕೊಂಡು ರಕ್ತ ಉಣಿಸುತ್ತದೆ ಎಂಬ ಹಳೆಯ ಕ್ರೈಸ್ತ ಐತಿಹ್ಯವೊಂದಿದ್ದು, ಆ ರಾಜ್ಯದ ಧ್ವಜದಲ್ಲಿಯೂ ಮುದ್ರೆಯಲ್ಲಿಯೂ ಇರುವುದು ಅದೇ ಚಿತ್ರ. ಧ್ವಜದ ಮೇಲೆ ತಾಯಿಹಕ್ಕಿ, ಮುದ್ರೆಯ ಮೇಲೆ ತಾಯಿಹಕ್ಕಿ, ಕಾನೂನಿನ ಪುಸ್ತಕದಲ್ಲಿ ರಾಜ್ಯಪಕ್ಷಿ ಎಂಬ ಪದವಿ, ಕಡಲ ತೀರದಲ್ಲಿ ಮಾತ್ರ ಏನೂ ಇಲ್ಲ ಎಂಬ ಸ್ಥಿತಿಯನ್ನು ಆ ಕಾಲದ ವನ್ಯಜೀವಿ ಇಲಾಖೆಯ ಅಧಿಕಾರಿಗಳು ಸಹಿಸಲಾರದೆ ಹೋದರು. 1968ರಿಂದ ಮುಂದಿನ ಹನ್ನೆರಡು ವರ್ಷಗಳಲ್ಲಿ ಫ್ಲಾರಿಡಾದಿಂದ ಸಾವಿರಕ್ಕೂ ಹೆಚ್ಚು ಮರಿಗಳನ್ನು ತಂದು ಲೂಯಿಸಿಯಾನಾದ ಕರಾವಳಿಯಲ್ಲಿ ಬಿಡಲಾಯಿತು. 1971ರಲ್ಲಿ ಬರಟೇರಿಯಾ ಕೊಲ್ಲಿಯ ಕ್ವೀನ್ ಬೆಸ್ ಎಂಬ ಪುಟ್ಟ ದ್ವೀಪದಲ್ಲಿ ಅವು ಮೊದಲ ಬಾರಿಗೆ ಗೂಡು ಕಟ್ಟಿದವು. ಮರುವರ್ಷ, 1972ರಲ್ಲಿ, ಅಮೆರಿಕವು ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಸುಮಾರು ನಾಲ್ಕು ದಶಕಗಳ ಆರೈಕೆಯ ಬಳಿಕ, 2009ರಲ್ಲಿ, ಕಂದು ಹೆಜ್ಜಾರ್ಲೆಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ, ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ತೇಲುವೇದಿಕೆ ಸ್ಫೋಟಗೊಂಡಿತು. ಕಪ್ಪು ಎಣ್ಣೆಯಲ್ಲಿ ತೊಯ್ದು ರೆಕ್ಕೆ ಎತ್ತಲಾರದೆ ನಿಂತ ಹೆಜ್ಜಾರ್ಲೆಗಳ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಆ ದುರಂತದ ಪರಿಹಾರದ ಹಣದಲ್ಲೇ ಕೊಚ್ಚಿಹೋಗುತ್ತಿದ್ದ ಕ್ವೀನ್ ಬೆಸ್ ದ್ವೀಪಕ್ಕೆ ಮಣ್ಣು ತುಂಬಿ, 2020ರ ಹೊತ್ತಿಗೆ ಅದನ್ನು ಸುಮಾರು 37 ಎಕರೆಗೆ ಬೆಳೆಸಲಾಯಿತು.

ಅಮೆರಿಕದ ಐವತ್ತು ರಾಜ್ಯಗಳ ಲಾಂಛನಗಳ ಬಗೆಗೆ ಓದುತ್ತಾ ಬಂದ ನನಗೆ ಈ ಹಕ್ಕಿಯ ಕಥೆಯಷ್ಟು ಮುಖ್ಯವೆನಿಸಿದ್ದು ಬೇರೊಂದಿಲ್ಲ. ರಾಜ್ಯಪಕ್ಷಿ, ರಾಜ್ಯಪುಷ್ಪ, ರಾಜ್ಯವೃಕ್ಷ, ರಾಜ್ಯಶಿಲೆ, ರಾಜ್ಯದ ತಿನಿಸು ಎಂದು ಬೆಳೆಯುತ್ತಲೇ ಹೋಗುವ ಈ ಪಟ್ಟಿಗಳನ್ನು ಮಕ್ಕಳ ಸಾಮಾನ್ಯ ಜ್ಞಾನದ ಪುಸ್ತಕಕ್ಕೆ ಸೇರಿದ ಸಂಗತಿಗಳೆಂದು ಬದಿಗೆ ಸರಿಸುವವರೇ ಹೆಚ್ಚು. ನಾನು ಹಾಗೆ ನೋಡಲಾರೆ. ಒಂದು ರಾಜ್ಯವು ಹಕ್ಕಿಯನ್ನೋ ಹೂವನ್ನೋ ಜನರ ಹೆಸರನ್ನೋ ತನ್ನ ಗುರುತಾಗಿ ಮಾಡಿಕೊಂಡಾಗ, ತನ್ನದಲ್ಲದ ಒಂದು ಚೆಲುವನ್ನು, ಒಂದು ಗೌರವವನ್ನು ಅದರಿಂದ ಎರವಲು ಪಡೆಯುತ್ತದೆ. ಹಾಗೆ ಪಡೆದದ್ದಕ್ಕೆ ಋಣವಿದೆ. ಆ ಋಣವನ್ನು ಯಾವ ರಾಜ್ಯ ಹೇಗೆ ತೀರಿಸಿತು, ಯಾವುದು ತೀರಿಸಲಿಲ್ಲ ಎಂಬುದನ್ನು ನೋಡುತ್ತ ಹೋದರೆ ಅಮೆರಿಕದ ಇತಿಹಾಸದ ಬಹುಭಾಗವೇ ಕಣ್ಣಮುಂದೆ ಬರುತ್ತದೆ.

ಕ್ಯಾಲಿಫೋರ್ನಿಯಾ ತೀರಿಸಲಿಲ್ಲ. 1846ರ ಜೂನ್‌ನಲ್ಲಿ ಸೊನೋಮಾ ಎಂಬಲ್ಲಿ ಮೆಕ್ಸಿಕೋದ ಆಡಳಿತದ ವಿರುದ್ಧ ಎದ್ದ ವಲಸಿಗರ ಗುಂಪೊಂದು ಬಿಳಿ ಬಟ್ಟೆಯ ಮೇಲೆ ಕರಡಿಯ ಚಿತ್ರ ಬರೆದು ಹಾರಿಸಿತು. ಅದನ್ನೇ ಆಧರಿಸಿದ ಧ್ವಜವನ್ನು ರಾಜ್ಯವು 1911ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಈ ಎರಡು ಘಟನೆಗಳ ನಡುವಿನ ಕಾಲದಲ್ಲಿ, ಚಿನ್ನದ ಆಸೆಗೆ ಬಂದವರೂ ದನ ಸಾಕುವವರೂ ಬಂದೂಕು, ಬೋನು, ವಿಷಗಳಿಂದ ಗ್ರಿಜ್ಲಿ ಕರಡಿಗಳನ್ನು ಕೊಲ್ಲುತ್ತಲೇ ಬಂದಿದ್ದರು. ಧ್ವಜದ ಈಗಿನ ಕರಡಿಗೆ ಮಾದರಿಯಾದದ್ದು ಮೊನಾರ್ಕ್ ಎಂಬ ಪ್ರಾಣಿ. 1889ರಲ್ಲಿ ಪತ್ರಿಕೆಯೊಂದರ ಪ್ರಚಾರಕ್ಕಾಗಿ ಹಿಡಿಸಲ್ಪಟ್ಟು, ಇಪ್ಪತ್ತೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೆರೆಯಲ್ಲಿದ್ದು, ಧ್ವಜ ಅಧಿಕೃತವಾದ ಅದೇ 1911ರಲ್ಲಿ ಅದು ಸತ್ತಿತು. ರಾಜ್ಯದ ಕಾಡುಗಳಲ್ಲಿದ್ದ ಕೊನೆಯ ಗ್ರಿಜ್ಲಿಗಳಲ್ಲೊಂದು 1922ರಲ್ಲಿ ಗುಂಡಿಗೆ ಬಲಿಯಾಯಿತು. ಎರಡೇ ವರ್ಷಗಳ ನಂತರ ಅವು ಕಾಣಿಸಿಕೊಂಡ ವರದಿಗಳೂ ನಿಂತವು. 1953ರಲ್ಲಿ ಶಾಸನಸಭೆಯು ಅದನ್ನು ಅಧಿಕೃತ ರಾಜ್ಯಪ್ರಾಣಿಯಾಗಿ ಮಾಡಿತು. ಇಂದು ಆ ರಾಜ್ಯದ ಪ್ರತಿ ಸರ್ಕಾರಿ ಕಟ್ಟಡದ ಮೇಲೆ ಅದು ನಡೆಯುತ್ತಿದೆ, ನೆಲದ ಮೇಲೆ ಎಲ್ಲಿಯೂ ಇಲ್ಲ. ಮತ್ತೆ ತರಬಹುದೇ ಎಂದು ಸಂಶೋಧಕರು ಚರ್ಚಿಸುತ್ತಿದ್ದಾರೆ. ಆ ಚರ್ಚೆ ನಡೆಯುತ್ತಿರುವುದಕ್ಕೆ ಧ್ವಜದ ಮೇಲಿನ ಚಿತ್ರವೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಹವಾಯಿ ಮಾತ್ರ ಲೂಯಿಸಿಯಾನಾದ ದಾರಿಯಲ್ಲಿ ನಡೆಯಿತು. ಅಲ್ಲಿನ ನೇನೆ ಎಂಬ ಬಾತುಕೋಳಿ ಜಾತಿಯ ಹಕ್ಕಿ 1950ರ ಸುಮಾರಿಗೆ ಕಾಡಿನಲ್ಲಿ ಮೂವತ್ತರಷ್ಟೇ ಉಳಿದಿತ್ತು. 1957ರಲ್ಲಿ ಅದು ಅಧಿಕೃತ ಪಕ್ಷಿಯಾಯಿತು, ಸೆರೆಯಲ್ಲಿ ಮರಿ ಮಾಡಿಸಿ ಬಿಟ್ಟ ಫಲವಾಗಿ ಅದರ ಸಂಖ್ಯೆ ಈಗ ಮೂರು ಸಾವಿರ ದಾಟಿದೆ.

ಈ ಪದ್ಧತಿ ಬೇರುಬಿಟ್ಟದ್ದು ಹೂವಿನಿಂದ, ಮತ್ತು ಹೆಂಗಸರಿಂದ. 1893ರಲ್ಲಿ ಷಿಕಾಗೋದಲ್ಲಿ ಕೊಲಂಬಸ್‌ನ ನೆನಪಿನ ಮಹಾಪ್ರದರ್ಶನ ನಡೆದಾಗ, ಪ್ರತಿ ರಾಜ್ಯವೂ ಒಂದೊಂದು ಹೂವನ್ನು ಆರಿಸಿ ರಾಷ್ಟ್ರೀಯ ಹೂಮಾಲೆಯೊಂದನ್ನು ಹೆಣೆಯಬೇಕೆಂಬ ಯೋಚನೆ ಹುಟ್ಟಿತು. ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕಾಗಿ 1892ರಲ್ಲಿ ಮತಗಟ್ಟೆಗಳನ್ನು ತೆರೆದು, ಹೆಂಗಸರಿಗೆ ಮಾತ್ರ ಮತ ಹಾಕುವ ಅವಕಾಶ ನೀಡಲಾಯಿತು. ರೋಡೊಡೆಂಡ್ರಾನ್ ಹೂವು ಗೆದ್ದಿತು. ಆ ರಾಜ್ಯದ ಚುನಾವಣೆಗಳಲ್ಲಿ ಆ ಹೆಂಗಸರಿಗೆ ಮತದ ಹಕ್ಕು ದೊರೆತದ್ದು 1910ರಲ್ಲಿ ಎಂಬುದನ್ನು ನೆನೆದರೆ, ಹೂವಿಗೆ ಹಾಕಿದ ಆ ಮತದ ತೂಕವೇ ಬೇರೆ. ಅವರು ಆರಿಸಿದ ಹೂವಿಗೆ ಪೂರ್ಣ ಶಾಸನದ ಮುದ್ರೆ ಬಿದ್ದದ್ದು 1959ರಲ್ಲಿ, ಸುಮಾರು ಅರುವತ್ತೇಳು ವರ್ಷ ಕಳೆದ ಮೇಲೆ.

ಮಿನೆಸೋಟಾದ ಹೂವಿನ ಕಥೆ ಇನ್ನೂ ಸ್ವಾರಸ್ಯಕರವಾದುದು. 1893ರಲ್ಲಿ ಅಲ್ಲಿನ ಶಾಸನಸಭೆಯು ಲೇಡಿ ಸ್ಲಿಪ್ಪರ್ ಎಂಬ ಆರ್ಕಿಡ್ ಹೂವನ್ನು ಆರಿಸಿತು; ನಮ್ಮ ಮಲೆನಾಡಿನವರು ಅಕ್ಕರೆಯಿಂದ ಮುಡಿಯುವ ಸೀತಾಳೆ ದಂಡೆಯ ಬಳಗದ್ದೇ ಅದು. ಆದರೆ ಶಾಸನದಲ್ಲಿ ಬರೆದ ವೈಜ್ಞಾನಿಕ ಹೆಸರು ಮಿನೆಸೋಟಾದಲ್ಲಿ ಬೆಳೆಯದ ಬೇರೊಂದು ಪ್ರಭೇದದ್ದಾಗಿತ್ತು. ಇದನ್ನು ಗುರುತಿಸಿ ಎತ್ತಿ ತೋರಿಸಿದ್ದು ಹೆಂಗಸರ ಅಧ್ಯಯನ ಮಂಡಲಿಯೊಂದು. 1902ರಲ್ಲಿ ಶಾಸನ ತಿದ್ದಲ್ಪಟ್ಟು, ಜೌಗು ನೆಲದಲ್ಲಿ ಅರಳುವ ಗುಲಾಬಿ ಮತ್ತು ಬಿಳಿ ಬಣ್ಣದ ನಿಜವಾದ ನಾಡಹೂವಿಗೆ ಆ ಗೌರವ ದಕ್ಕಿತು. ಈ ಗಿಡ ಮೊದಲ ಹೂ ಬಿಡಲು ಹದಿನಾರು ವರ್ಷಗಳವರೆಗೂ ಕಾಯಿಸಬಲ್ಲದು. ಕಿತ್ತರೆ, ಬುಡಸಮೇತ ಎತ್ತಿದರೆ ಮತ್ತೆ ಸುಲಭವಾಗಿ ಬಾರದ ಇಂಥ ಹೂವಿಗೆ 1925ರಿಂದಲೇ ಕಾನೂನಿನ ರಕ್ಷಣೆಯಿದೆ. ರಾಜ್ಯಪುಷ್ಪವೆಂಬ ಹೆಸರು ಬರೀ ಅಲಂಕಾರವಾಗಿ ಉಳಿಯದೆ ಕಾವಲಾಗಿ ಬದಲಾದ ಉದಾಹರಣೆಗಳಲ್ಲಿ ಇದೊಂದು.

ಹಕ್ಕಿಗಳ ಸರದಿ 1920ರ ದಶಕದಲ್ಲಿ ಬಂತು. ಅಲ್ಲಿಯೂ ಮಹಿಳಾ ಸಂಘಗಳ ಒಕ್ಕೂಟವೇ ಮುಂದೆ ನಿಂತು ಚಳವಳಿ ನಡೆಸಿತು. ಹಲವೆಡೆ ಶಾಲಾ ಮಕ್ಕಳೇ ಮತ ಹಾಕಿ ಹಕ್ಕಿಯನ್ನು ಆರಿಸಿದರು. ಕೆಂಪು ಕಾರ್ಡಿನಲ್ ಹಕ್ಕಿಯನ್ನು ಏಳು ರಾಜ್ಯಗಳು ಆರಿಸಿಕೊಂಡಿವೆ; ಹಿಮ ಬಿದ್ದ ಬಿಳಿಯ ಅಂಗಳದಲ್ಲಿ ಅದು ಬಂದು ಕುಳಿತದ್ದನ್ನು ಒಮ್ಮೆ ಕಂಡವರು ಆ ಏಳು ರಾಜ್ಯಗಳನ್ನು ದೂರಲಾರರು.

ಮಕ್ಕಳ ಮಾತು ಬಂದದ್ದರಿಂದ ಎರಡು ಘಟನೆಗಳನ್ನು ಹೇಳಲೇಬೇಕು. 1927ರಲ್ಲಿ ಅಲಾಸ್ಕಾ ಇನ್ನೂ ರಾಜ್ಯವಾಗಿರದಿದ್ದಾಗ, ಅದಕ್ಕೊಂದು ಧ್ವಜ ರೂಪಿಸಲು ಶಾಲಾ ಮಕ್ಕಳಿಗೆ ಸ್ಪರ್ಧೆ ಏರ್ಪಡಿಸಲಾಯಿತು. ಗೆದ್ದವನು ಬೆನ್ನಿ ಬೆನ್ಸನ್, ಅನಾಥಾಶ್ರಮವೊಂದರಲ್ಲಿ ಬೆಳೆಯುತ್ತಿದ್ದ, ಅಲಾಸ್ಕಾದ ಮೂಲನಿವಾಸಿ ತಾಯಿಯ ಹದಿಮೂರು ವರ್ಷದ ಮಗ. ನೀಲಿ ಬಟ್ಟೆಯ ಮೇಲೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳು, ಮೇಲ್ಗಡೆ ಧ್ರುವನಕ್ಷತ್ರ. ಅಷ್ಟೇ ಅವನ ಧ್ವಜ. ರಾಜ್ಯಗಳ ಧ್ವಜಗಳಲ್ಲೆಲ್ಲ ಇದರಷ್ಟು ಸುಂದರವಾದುದು ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಎರಡನೆಯ ಘಟನೆ 2015ರದು. ನ್ಯೂ ಹ್ಯಾಂಪ್‌ಶೈರ್‌ನ ನಾಲ್ಕನೆಯ ತರಗತಿಯ ಮಕ್ಕಳು ಕೆಂಪುಬಾಲದ ಗಿಡುಗವನ್ನು ರಾಜ್ಯದ ಬೇಟೆಹಕ್ಕಿಯಾಗಿ ಘೋಷಿಸಬೇಕೆಂಬ ಮಸೂದೆಯನ್ನು ಸಿದ್ಧಪಡಿಸಲು ನೆರವಾಗಿ, ಅದರ ಚರ್ಚೆಯನ್ನು ನೋಡಲು ಶಾಸನಸಭೆಯ ಗ್ಯಾಲರಿಯಲ್ಲಿ ಕುಳಿತಿದ್ದರು. ಅವರು ಕೇಳುತ್ತಿರುವಂತೆಯೇ ಕೆಲವು ಸದಸ್ಯರು ಆ ಪ್ರಸ್ತಾಪವನ್ನು ಹೀಯಾಳಿಸಿದರು, ಮಸೂದೆ ಬಿದ್ದುಹೋಯಿತು. ಶಾಸನಸಭೆಗೆ ಇದಕ್ಕಿಂತ ಮುಖ್ಯ ಕೆಲಸಗಳಿವೆ ಎಂಬ ವಾದ ನನಗೆ ಅರ್ಥವಾಗುತ್ತದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಹತ್ತು ವರ್ಷದ ಮಗು ತನ್ನ ಸುತ್ತಲಿನ ಒಂದು ಹಕ್ಕಿಯನ್ನು ಗಮನಿಸಿ, ಅದರ ಪರವಾಗಿ ಮಾತು ಜೋಡಿಸಿ, ಆಳುವವರ ಮುಂದೆ ತಂದಿಡುವುದು ಪ್ರಜಾಪ್ರಭುತ್ವದ ಕೆಲಸವೇ. 2019ರಲ್ಲಿ ಅದೇ ಗಿಡುಗ ಅಧಿಕೃತ ರಾಜ್ಯ ಬೇಟೆಹಕ್ಕಿಯಾಯಿತು.

ಹಕ್ಕಿ ಹೂವುಗಳನ್ನು ಶಾಸನದಿಂದ ಆರಿಸಬಹುದು. ಜನರ ಅಡ್ಡಹೆಸರನ್ನು ಹಾಗೆ ಆರಿಸಲಾಗದು. ಅದು ಮೊದಲು ಬಾಯಲ್ಲಿ ಹುಟ್ಟುತ್ತದೆ, ಅನೇಕ ವೇಳೆ ಬೈಗುಳವಾಗಿಯೇ ಹುಟ್ಟುತ್ತದೆ. ವಿಸ್ಕಾನ್ಸಿನ್‌ನವರು ಬ್ಯಾಜರ್‌ಗಳಾದದ್ದು ಸೀಸದ ಗಣಿಗಾರರು ಚಳಿಗಾಲದಲ್ಲಿ ಆ ಪ್ರಾಣಿಯಂತೆ ಗುಡ್ಡಗಳಲ್ಲಿ ಬಿಲ ತೋಡಿಕೊಂಡು ಬದುಕಿದ್ದರಿಂದ. ಉತ್ತರ ಕ್ಯಾರೊಲೈನಾದವರು 'ಟಾರ್ ಹೀಲ್', ಅಂದರೆ ಹಿಮ್ಮಡಿಗೆ ಡಾಂಬರು ಮೆತ್ತಿಕೊಂಡವರು. ಹಡಗುಗಳಿಗೆ ಬಳಿಯಲು ಪೈನ್ ಮರದಿಂದ ಡಾಂಬರು ಇಳಿಸುವ ಕಷ್ಟದ ಕಸುಬು ಅಲ್ಲಿ ನಡೆಯುತ್ತಿತ್ತು. ಮಿಷಿಗನ್‌ನ ಮೇಲಣ ಪರ್ಯಾಯದ್ವೀಪದವರು ತಮ್ಮನ್ನು 'ಯೂಪರ್' ಎಂದು ಕರೆದುಕೊಳ್ಳುತ್ತಾರೆ, ರಾಜ್ಯದ ಎರಡು ಭಾಗಗಳನ್ನು ಜೋಡಿಸುವ ಸೇತುವೆಯ ಕೆಳಗಿನ ಭಾಗದಲ್ಲಿರುವವರಿಗೆ ಜನಪದ ಕಥೆಗಳ ಭೂತದ ಹೆಸರಿನಿಂದ 'ಟ್ರೋಲ್' ಎನ್ನುತ್ತಾರೆ.

ನಾನಿರುವ ಇಂಡಿಯಾನಾದ ಜನ 'ಹೂಜಿಯರ್'ಗಳು. 1830ರ ದಶಕದಿಂದ ಚಾಲ್ತಿಯಲ್ಲಿರುವ ಈ ಹೆಸರು ಎಲ್ಲಿಂದ ಬಂತೆಂಬುದಕ್ಕೆ ಹತ್ತಾರು ವಾದಗಳಿದ್ದು, ಒಂದೂ ಸ್ಥಿರಪಟ್ಟಿಲ್ಲ. ಹಳೆಯ ದಕ್ಷಿಣದ ರಾಜ್ಯಗಳಲ್ಲಿ ಅದಕ್ಕೆ ಒರಟ, ಕಾಡುಮನುಷ್ಯ ಎಂಬ ಅರ್ಥವಿತ್ತು. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ಈಗಲೂ ಅದು ಬೈಗುಳವೇ. ಇಂಡಿಯಾನಾದವರು ಮಾತ್ರ ಅದನ್ನು ತಲೆಯೆತ್ತಿ ಧರಿಸಿದರು. ಕೇಂದ್ರ ಸರ್ಕಾರದ ಪ್ರಕಟಣಾ ಕಚೇರಿಯ ಶೈಲಿ ಕೈಪಿಡಿಯು ಬಹುಕಾಲ ಇಲ್ಲಿನವರನ್ನು 'ಇಂಡಿಯಾನಿಯನ್' ಎಂದು ಬರೆಯುತ್ತಿತ್ತು. ಇಲ್ಲಿ ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲ. ರಾಜ್ಯದ ಸೆನೆಟರ್‌ಗಳ ಕೋರಿಕೆಯ ಮೇರೆಗೆ 2017ರಲ್ಲಿ ಕೈಪಿಡಿಯು 'ಹೂಜಿಯರ್' ಎಂಬುದನ್ನೇ ಒಪ್ಪಿಕೊಂಡಿತು. ಈ ಹೆಸರಿನಲ್ಲಿ ನನಗೆ ಇಷ್ಟವಾಗುವುದು ಅದರ ಔದಾರ್ಯ. ಇಲ್ಲಿ ಹುಟ್ಟಿರಬೇಕೆಂಬ ನಿಯಮ ಅದಕ್ಕಿಲ್ಲ. ಕಮಿನ್ಸ್ ಎಂಜಿನ್ ಕಂಪನಿಯ ಕೇಂದ್ರ ಕಚೇರಿಯಿರುವ ಕೊಲಂಬಸ್ ಎಂಬ ಸಣ್ಣ ನಗರದಲ್ಲಿ ನೆಲೆಸಿದ ಭಾರತೀಯ ಎಂಜಿನಿಯರರನ್ನೂ, ಇಂಡಿಯಾನಾಪೊಲಿಸ್‌ನಲ್ಲಿ ಯುಗಾದಿಗೆ ಸೇರುವ ಕನ್ನಡಿಗರನ್ನೂ ನೆರೆಯವರು ಹೂಜಿಯರ್ ಎಂದು ಸಹಜವಾಗಿ ಕರೆಯುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಶಾಲೆಯಲ್ಲಿ ತಾವು ಹೂಜಿಯರ್ ಎನ್ನುವಾಗ ಅವರಿಗೆ ಎರಡರ ನಡುವೆ ತೊಡಕು ಕಾಣುವುದಿಲ್ಲ, ನನಗೂ ಕಾಣುವುದಿಲ್ಲ.

ಆದರೆ ಈ ರಾಜ್ಯಕ್ಕೆ ಯಾರ ಹೆಸರನ್ನು ಇಡಲಾಗಿದೆಯೋ ಅವರಿಗೆ ಅದೇ ಔದಾರ್ಯ ದೊರೆಯಲಿಲ್ಲ. 'ಇಂಡಿಯನ್ನರ ನಾಡು', ಅಂದರೆ ಅಮೆರಿಕದ ಮೂಲನಿವಾಸಿಗಳ ನಾಡು ಎಂಬ ಹೆಸರು ಹೊತ್ತ ಈ ರಾಜ್ಯದಿಂದ 1838ರ ಸೆಪ್ಟೆಂಬರ್‌ನಲ್ಲಿ ಎಂಟುನೂರಕ್ಕೂ ಹೆಚ್ಚು ಪೊಟವಾಟಮಿ ಜನರನ್ನು ಬಂದೂಕಿನ ಕಾವಲಿನಲ್ಲಿ ಕ್ಯಾನ್ಸಸ್‌ನತ್ತ ನಡೆಸಲಾಯಿತು. ದಾರಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತರು. ಒಬ್ಬ ವಲಸಿಗನಾಗಿ ನನಗೆ ಇಷ್ಟು ಸುಲಭವಾಗಿ ದಕ್ಕಿದ ಹೆಸರಿನ ಬಗೆಗೆ ಬರೆಯುವಾಗ ಇದನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಬಾರದು.

ಒಕ್ಲಹೋಮಾದ 'ಸೂನರ್' ಎಂಬ ಹೆಸರಿನೊಳಗೆ ಇದೇ ನೋವು ಇನ್ನಷ್ಟು ನೇರವಾಗಿದೆ. ಕ್ರೀಕ್ ಮತ್ತು ಸೆಮಿನೋಲ್ ಮೂಲನಿವಾಸಿಗಳಿಂದ 1866ರ ಒಪ್ಪಂದಗಳ ಮೂಲಕ ಪಡೆದ, ಸುಮಾರು ಇಪ್ಪತ್ತು ಲಕ್ಷ ಎಕರೆ ನೆಲವನ್ನು 1889ರ ಏಪ್ರಿಲ್ 22ರ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ವಲಸಿಗರಿಗೆ ತೆರೆಯಲಾಯಿತು. ಸುಮಾರು ಐವತ್ತು ಸಾವಿರ ಜನ ಕುದುರೆ, ಗಾಡಿ, ರೈಲುಗಳಲ್ಲಿ ಗಡಿಯ ಮೇಲೆ ಕಾದು ನಿಂತಿದ್ದು, ಸೂಚನೆ ದೊರೆತೊಡನೆ ನುಗ್ಗಿದರು. ಅದಕ್ಕೂ ಮೊದಲೇ ಕದ್ದು ಒಳಹೊಕ್ಕು ಒಳ್ಳೆಯ ಜಾಗಗಳನ್ನು ಹಿಡಿದಿದ್ದವರೇ ಸೂನರ್‌ಗಳು. ಆಗ ಅದು ವಂಚಕರಿಗೆ ಇದ್ದ ಹೆಸರು. 1908ರಲ್ಲಿ ರಾಜ್ಯ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅದನ್ನು ತನ್ನದಾಗಿಸಿಕೊಂಡಿತು, ಇಂದು ರಾಜ್ಯವೇ 'ಸೂನರ್ ರಾಜ್ಯ'. ಅದೇ ಒಕ್ಲಹೋಮಾದ ಜನ 1930ರ ದಶಕದ ಬರಗಾಲದಲ್ಲಿ ನೆಲ ಕಳೆದುಕೊಂಡು ಪಶ್ಚಿಮಕ್ಕೆ ಹೊರಟಾಗ ಅವರನ್ನು 'ಓಕಿ' ಎಂದು ತಿರಸ್ಕಾರದಿಂದ ಕರೆಯಲಾಯಿತು. 1936ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸರು ಕ್ಯಾಲಿಫೋರ್ನಿಯಾದ ಗಡಿಗೇ ಹೋಗಿ ಇಂಥ ಬಡ ವಲಸಿಗರನ್ನು ತಡೆದರು. ಒಂದೇ ರಾಜ್ಯದವರಿಗೆ, ನೆಲ ಕಬಳಿಸಿದ ಕಾಲದ ಹೆಸರು ಹೆಮ್ಮೆಯಾಗಿ ಮೇಲೇರಿತು, ನೆಲ ಕಳೆದುಕೊಂಡ ಕಾಲದ ಹೆಸರು ಬಹುಕಾಲ ಗಾಯವಾಗಿಯೇ ಉಳಿಯಿತು.

ಹವಾಯಿಯಲ್ಲಿ ಈ ಪ್ರಶ್ನೆಗೆ ಜನರೇ ಒಂದು ಮೇರೆ ಹಾಕಿದ್ದಾರೆ. ಟೆಕ್ಸಸ್‌ನಲ್ಲಿ ಮನೆ ಮಾಡಿದವನು ಟೆಕ್ಸನ್ ಆಗಬಹುದು, ಆದರೆ ಹೊನೊಲುಲುವಿನಲ್ಲಿ ಎಷ್ಟೇ ವರ್ಷ ಇದ್ದರೂ ಹೊರಗಿನಿಂದ ಬಂದವನು 'ಹವಾಯಿಯನ್' ಎಂದು ಹೇಳಿಕೊಳ್ಳುವುದಿಲ್ಲ. ಅದು ಆ ದ್ವೀಪಗಳ ಮೂಲನಿವಾಸಿಗಳಿಗೆ ಮಾತ್ರ ಮೀಸಲಾದ ಹೆಸರು. ಷಿಕಾಗೋದಲ್ಲಿ ಹೂಮಾಲೆಯ ಮಾತು ನಡೆಯುತ್ತಿದ್ದ ಅದೇ 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಅಮೆರಿಕದ ನಾವಿಕ ಸೈನಿಕರ ಬೆಂಬಲದಿಂದ ಪದಚ್ಯುತಗೊಳಿಸಲಾಗಿತ್ತು. ನೂರು ವರ್ಷಗಳ ನಂತರ, 1993ರಲ್ಲಿ, ಅಮೆರಿಕದ ಕಾಂಗ್ರೆಸ್ ಅದಕ್ಕಾಗಿ ಕ್ಷಮೆ ಕೋರಿತು. ರಾಜ್ಯವನ್ನು ಕಳೆದುಕೊಂಡ ಜನ ತಮ್ಮ ಹೆಸರನ್ನಾದರೂ ಕಳೆದುಕೊಳ್ಳದೆ ಕಾಪಾಡಿಕೊಂಡದ್ದನ್ನು ಹೊಸದಾಗಿ ಬಂದ ನಮ್ಮಂಥವರು ಗೌರವಿಸಬೇಕು. ಅಲ್ಲಿ ನೆಲೆಸುವ ಕನ್ನಡಿಗರಿಗೂ ಇದನ್ನು ಮೊದಲೇ ಹೇಳಿಕೊಡುವುದು ಒಳಿತು.

ಹಳೆಯ ಲಾಂಛನಗಳನ್ನು ಬದಲಿಸಿದರೆ ಇತಿಹಾಸವನ್ನೇ ಅಳಿಸಿದಂತೆ ಎಂದು ಬೇಸರಪಡುವವರನ್ನು ನಾನು ಬಲ್ಲೆ. ಅವರಲ್ಲಿ ಎಷ್ಟೋ ಜನ ತಮ್ಮ ಊರನ್ನು ಮನಸಾರೆ ಪ್ರೀತಿಸುವವರು. ಆದರೂ ಮಿನೆಸೋಟಾದ ಹಳೆಯ ಮುದ್ರೆಯನ್ನು ನೋಡಿ: ಮುಂದೆ ಬಿಳಿಯ ರೈತ ನೇಗಿಲು ಹಿಡಿದಿದ್ದಾನೆ, ಹಿಂದೆ ಮೂಲನಿವಾಸಿಯೊಬ್ಬ ಕುದುರೆಯೇರಿ ಸಾಗಿದ್ದಾನೆ. ಡಕೋಟಾ ಎಂಬ ಮೂಲನಿವಾಸಿಗಳೊಂದಿಗೆ ನಡೆದ 1862ರ ಯುದ್ಧದ ಬಳಿಕ ಡಿಸೆಂಬರ್ 26ರಂದು ಮ್ಯಾಂಕೇಟೋ ಎಂಬಲ್ಲಿ ಮೂವತ್ತೆಂಟು ಡಕೋಟಾ ಪುರುಷರನ್ನು ಒಟ್ಟಿಗೆ ಗಲ್ಲಿಗೇರಿಸಿ, ಮರುವರ್ಷ ಉಳಿದವರನ್ನು ರಾಜ್ಯದಿಂದ ಹೊರಗಟ್ಟಿದ ಮೇಲೆ, ಆ ಚಿತ್ರವನ್ನು ಬರೀ ಚಿತ್ರವೆಂದು ಹೇಗೆ ನೋಡುವುದು? 2023ರಲ್ಲಿ ನೇಮಕವಾದ ಆಯೋಗವು ಸಾರ್ವಜನಿಕರಿಂದ ಬಂದ ಎರಡು ಸಾವಿರಕ್ಕೂ ಹೆಚ್ಚು ವಿನ್ಯಾಸಗಳನ್ನು ಪರಿಶೀಲಿಸಿತು. 2024ರ ಮೇ 11ರಿಂದ ಹೊಸ ಧ್ವಜವೂ ಹೊಸ ಮುದ್ರೆಯೂ ಜಾರಿಗೆ ಬಂದವು. ಮುದ್ರೆಯ ಮೇಲೆ ಈಗ ಲೂನ್ ಎಂಬ ನೀರುಹಕ್ಕಿಯಿದೆ, ಅದರ ಜೊತೆಗೆ ರಾಜ್ಯಕ್ಕೆ ಹೆಸರು ಕೊಟ್ಟ ಡಕೋಟಾ ಭಾಷೆಯ 'ಮ್ನಿ ಸೋಟಾ ಮಕೋಚೆ' ಎಂಬ ಮಾತುಗಳಿವೆ. ಕೆಲವು ಕೌಂಟಿಗಳು ಹೊಸ ಧ್ವಜವನ್ನು ವಿರೋಧಿಸಿ ನಿರ್ಣಯ ಮಾಡಿದವು. ವಿರೋಧ ಇನ್ನೂ ತಣ್ಣಗಾಗಿಲ್ಲ. ಮಿಸಿಸಿಪ್ಪಿಯು 1894ರಿಂದ ಹಾರಿಸುತ್ತಿದ್ದ, ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಒಕ್ಕೂಟದ ಚಿಹ್ನೆಯಿದ್ದ ಧ್ವಜವನ್ನು 2020ರ ಜೂನ್‌ನಲ್ಲಿ ಕೈಬಿಟ್ಟಿತು. 2001ರಲ್ಲಿ ಅದೇ ಧ್ವಜವನ್ನು ದೊಡ್ಡ ಬಹುಮತದಿಂದ ಉಳಿಸಿಕೊಂಡಿದ್ದ ಮತದಾರರು 2020ರ ನವೆಂಬರ್‌ನಲ್ಲಿ ಮ್ಯಾಗ್ನೋಲಿಯಾ ಹೂವಿನ ಹೊಸ ಧ್ವಜವನ್ನು ಇನ್ನೂ ದೊಡ್ಡ ಬಹುಮತದಿಂದ ಒಪ್ಪಿದರು.

ನ್ಯೂ ಮೆಕ್ಸಿಕೋದಲ್ಲಿ ಲಾಂಛನವನ್ನು ಬದಲಿಸುವ ಬೇಡಿಕೆ ಇಲ್ಲ, ಋಣವನ್ನು ಒಪ್ಪಿಕೊಳ್ಳಬೇಕೆಂಬ ಬೇಡಿಕೆಯಿದೆ. 1925ರಲ್ಲಿ ಅಂಗೀಕೃತವಾದ ಆ ರಾಜ್ಯದ ಹಳದಿ ಧ್ವಜದ ನಡುವೆ ಇರುವ ಕೆಂಪು ಸೂರ್ಯ ಝಿಯಾ ಪುಯೆಬ್ಲೋ ಎಂಬ ಸಣ್ಣ ಮೂಲನಿವಾಸಿ ಸಮುದಾಯದ ಪವಿತ್ರ ಚಿಹ್ನೆ. ಅವರ ಮಡಕೆಯೊಂದರ ಮೇಲಿನ ಚಿತ್ತಾರದಿಂದ, ಅವರನ್ನು ಕೇಳದೆಯೇ, ಅದನ್ನು ತೆಗೆದುಕೊಳ್ಳಲಾಯಿತು. ನಾಲ್ಕು ದಿಕ್ಕಿಗೆ ನಾಲ್ಕು ನಾಲ್ಕು ಕಿರಣಗಳಿರುವ ಆ ಸೂರ್ಯ ಈಗ ಕಾರುಗಳ ನಂಬರ್ ಪ್ಲೇಟುಗಳಿಂದ ಹಿಡಿದು ಅಂಗಿಗಳು, ಅಂಗಡಿಯ ಫಲಕಗಳವರೆಗೆ ಎಲ್ಲೆಡೆ ಇದ್ದಾನೆ. 1963ರಲ್ಲಿ ಒಪ್ಪಿಕೊಂಡ ಧ್ವಜವಂದನೆಯ ಮಾತುಗಳಲ್ಲಿ ಝಿಯಾ ಹೆಸರೂ ಸೇರಿದ್ದು, ಒಂದಾದ ಸಂಸ್ಕೃತಿಗಳ ನಡುವಿನ ಪರಿಪೂರ್ಣ ಸ್ನೇಹದ ಚಿಹ್ನೆ ಅದೆಂದು ಶಾಲೆಯ ಮಕ್ಕಳು ಹೇಳುತ್ತಾರೆ. 1990ರ ದಶಕದಲ್ಲಿ ಝಿಯಾ ಜನ ರಾಜ್ಯದ ಮುಂದೆ ಪರಿಹಾರದ ಕೋರಿಕೆ ಇಟ್ಟರು. ಚಿಹ್ನೆಯನ್ನು ವ್ಯಾಪಾರಕ್ಕೆ ಬಳಸುವವರು ತಮ್ಮ ಅನುಮತಿ ಕೇಳಬೇಕು, ಸಾಧ್ಯವಾದರೆ ತಮ್ಮ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಬೇಕು ಎಂಬುದು ಅವರ ನಿಲುವು. ಕೆಲವು ಕಂಪನಿಗಳು ಹಾಗೆ ಕೇಳಿಯೇ ಬಳಸಿವೆ, ಹಣವನ್ನೂ ಕೊಟ್ಟಿವೆ. ಆ ಧ್ವಜದಡಿಯಲ್ಲಿ ವಾಸಿಸುವ ಉಳಿದವರೂ, ಸ್ವತಃ ಆ ರಾಜ್ಯವೂ, ಇದೇ ಪದ್ಧತಿಗೆ ಬರಬೇಕೆಂಬುದು ನನ್ನ ಆಸೆ.